ಪಿಸಣ್ಣನ ಮನೆಯ ಕೋಳಿ ಸೂಪು

ಬದುಕಿಡೀ ಗಟ್ಟಿಯಾಗಿ ಒಂದು ಮಾತೂ ಆಡದೆ ಮಾತಿನಿಂದಲೇ ಹೊಟ್ಟೆ ಹೊರೆದವನು ಯಾರಾದರೂ ಇದ್ದರೆ ಅದು ನಮ್ಮ ಪಿಸಣ್ಣ. ಅವನು ಮೂಗನಲ್ಲ, ಮೌನವ್ರತದ ಸಾಧುವೂ ಅಲ್ಲ. ನಾಟಕ ಕಂಪನಿಯೊಂದರಲ್ಲಿ ಪ್ರಾಂಪ್ಟರ್ ಆಗಿದ್ದ. ಅಂದರೆ, ರಂಗದ ಪಕ್ಕದ ಪರದೆಯ ಮರೆಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪಿಸುಗುಟ್ಟಿ ನೆನಪಿಸುವ ಕೆಲಸ. ರಾಜನ ವೇಷದವನು ಆರ್ಭಟಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಆ ಆರ್ಭಟದ ಮೊದಲ ಪದ ಎಷ್ಟೋ ಸಲ ಪಿಸಣ್ಣನದಾಗಿರುತ್ತಿತ್ತು. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ದೀಪದವನ ಹೆಸರಿರುತ್ತಿತ್ತು, ಪರದೆ ಎಳೆಯುವವನದೂ ಇರುತ್ತಿತ್ತು, ಇವನದು ಮಾತ್ರ ಇಲ್ಲ. ಕಂಪನಿಯವರು ಪ್ರೀತಿಗೋ ತಮಾಷೆಗೋ ಪಿಸಣ್ಣ ಎಂದರು, ಅದೇ ಉಳಿಯಿತು. ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಆ ಕೆಲಸ ಕಂಡಷ್ಟು ಸುಲಭದ್ದಲ್ಲ. ಪೂರ್ತಿ ವಾಕ್ಯ ಹೇಳಿಕೊಡಬಾರದು, ಹೇಳಿದರೆ ನಟ ತಬ್ಬಿಬ್ಬಾಗುತ್ತಾನೆ. ಮೊದಲ ಪದ ಒಂದೇ ಸಾಕು, ಉಳಿದದ್ದು ತಾನಾಗಿ ಎದ್ದು ಬರುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ನಟ ರಂಗದ ನಡುವೆ ಸುಮ್ಮನೆ ನಿಂತಾಗ, ಅವನು ಮರೆತು ನಿಂತಿದ್ದಾನೋ, ಬೇಕೆಂದೇ ಮೌನವಾಗಿ ನಿಂತಿದ್ದಾನೋ ಎಂಬುದು ಗೊತ್ತಾಗಬೇಕು. ಮರೆತವನನ್ನು ಹಾಗೇ ಬಿಟ್ಟರೆ ನಾಟಕ ಕೆಟ್ಟಿತು. ಬೇಕೆಂದು ಸುಮ್ಮನಿದ್ದವನ ನಡುವೆ ಬಾಯಿ ಹಾಕಿದರೆ, ಪರದೆ ಬಿದ್ದ ಮೇಲೆ ಅವನು ಪಿಸಣ್ಣನ ಜನ್ಮ ಜಾಲಾಡುತ್ತಿದ್ದ. ಪಿಸಣ್ಣ ಮುಖ ನೋಡುತ್ತಿರಲಿಲ್ಲ, ಮುಖಕ್ಕೆ ಬಣ್ಣವಿರುತ್ತದೆ. ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಮಾತು ಮರೆತವನ ಹೆಬ್ಬೆರಳು ನೆಲ ಕೆರೆಯುತ್ತದೆ. ಎಂಥ ನಟನಾದರೂ ಹೆಬ್ಬೆರಳಿಗೆ ನಟನೆ ಕಲಿಸಲಾರ. ಈ ವಿಷಯದಲ್ಲಿ ಪಿಸಣ್ಣ ತಪ್ಪಿದ್ದು ಅಪರೂಪ, ಆ ಬಗ್ಗೆ ಅವನಿಗೆ ಒಳಗೊಳಗೇ ಸಣ್ಣ ಜಂಬವೂ ಇತ್ತು.

ಹೆಂಡತಿಯ ಕಥೆ ಬೇರೆ. ಮದುವೆಗೆ ಮುಂಚೆ ಅವಳು ಬಂದರಿನ ಹತ್ತಿರದ ವಸತಿಗೃಹವೊಂದರಲ್ಲಿ ಅಡುಗೆಗಿದ್ದಳು. ಅಲ್ಲಿಗೆ ಕಾಲು ಮುರಿದುಕೊಂಡ ಹಡಗಿನ ಅಡುಗೆಯವನೊಬ್ಬ ಬಂದು ಬಿದ್ದ. ಹಡಗು ಅವನನ್ನು ಬಿಟ್ಟು ಮುಂದಕ್ಕೆ ಹೋಗಿತ್ತು. ಮೆಕ್ಸಿಕೋ ದೇಶದವನು. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಪ್ಲಾಸ್ಟರ್ ಹಾಕಿದ ಕಾಲನ್ನು ಬಕೆಟ್ಟಿನ ಮೇಲೆ ಚಾಚಿ ಕೂತು, ತನ್ನ ಮನೆಯ ಕೋಳಿ ಸೂಪನ್ನು ಅವನು ಬರೀ ಕೈಸನ್ನೆಯಲ್ಲಿ ಕಲಿಸಿದ. ತಪ್ಪಿದರೆ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದ, ಸರಿಯಾದರೆ ತನ್ನ ಬೆರಳ ತುದಿಗೆ ತಾನೇ ಮುತ್ತಿಡುತ್ತಿದ್ದ. ಹಾಗಾಗಿ ಆ ಸೂಪು ಅವಳೊಳಗೆ ಮಾತಾಗಿ ಕೂರಲೇ ಇಲ್ಲ. ಹೇಗೆ ಮಾಡುವುದು ಎಂದು ಯಾರಾದರೂ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಬಂದು ನೋಡಿ ಎನ್ನುತ್ತಿದ್ದಳು.

ಸೂಪು ಎಂದರೆ ಜ್ವರ ಬಂದವರು ಕಪ್ಪಿನಲ್ಲಿ ಕುಡಿಯುವ ನೀರು ಎಂದುಕೊಂಡವರು ಅವಳ ಸೂಪು ನೋಡಬೇಕು. ಮೂಳೆ ಸಮೇತ ಕೋಳಿ, ಅರ್ಧಕ್ಕೆ ಮಾತ್ರ ಸೀಳಿದ ಆಲೂಗಡ್ಡೆ, ಹೆಬ್ಬೆರಳು ಗಾತ್ರದ ಕ್ಯಾರೆಟ್, ಅಡ್ಡಡ್ಡ ಕಡಿದ ಮುಸುಕಿನ ಜೋಳದ ತೆನೆ, ಬುಡ ಬಿಡಿಸದ ಎಲೆಕೋಸಿನ ಹೋಳು. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಉರಿಯ ಮೇಲೆ ಸುಟ್ಟು, ನೆನೆಸಿದ ಒಣಮೆಣಸಿನಕಾಯಿ, ಚೂರು ಜೀರಿಗೆಯ ಜೊತೆ ಅರೆದು, ಎಣ್ಣೆಯಲ್ಲಿ ಬಾಡಿಸಿ ಅದಕ್ಕೆ ಸೇರಿಸಬೇಕು. ಬಡಿಸುವಾಗ ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ಕರಿದ ಜೋಳದ ರೊಟ್ಟಿಯ ಪಟ್ಟಿಗಳು, ಎಲ್ಲದರ ಮೇಲೆ ನಿಂಬೆರಸ. ಒಂದು ಬಟ್ಟಲು ಉಂಡವನು ಮಧ್ಯಾಹ್ನ ಮಲಗದೆ ವಿಧಿಯಿಲ್ಲ. ನಾಟಕ ಕಂಪನಿ ಆ ವಸತಿಗೃಹದಲ್ಲಿ ಬಿಡಾರ ಹೂಡಿದಾಗ ಪಿಸಣ್ಣ ಮೊದಲ ದಿನ ಸೂಪು ಉಂಡ, ಮರುದಿನ ಎರಡು ಸಲ ಬಡಿಸಿಕೊಂಡ, ಅದರ ಮರುದಿನ ತಲೆಯೆತ್ತಿ ಬಡಿಸಿದವಳ ಮುಖ ನೋಡಿದ. ಮದುವೆಯ ಮಾತನ್ನೂ ಪಿಸುಗುಟ್ಟಿಯೇ ಕೇಳಿದನಂತೆ. ಏನಂದ್ರಿ, ಕೇಳಿಸ್ಲಿಲ್ಲ ಎಂದು ಅವಳು ಬೇಕೆಂದೇ ಮತ್ತೆ ಮತ್ತೆ ಹೇಳಿಸಿದಳು ಎನ್ನುವುದು ಇವತ್ತಿಗೂ ಮನೆಮಂದಿಯ ತಮಾಷೆ.

ಆ ಹೆಂಡತಿಗೆ ಈಗ ಮರೆವು ಹಿಡಿದಿದೆ. ಕನ್ನಡಕ ಎಲ್ಲಿಟ್ಟೆ ಎನ್ನುವಂಥ, ವಯಸ್ಸಾದವರಿಗೆಲ್ಲ ಬರುವ ಮರೆವಲ್ಲ. ಬಾಚಣಿಗೆ ಫ್ರಿಜ್ಜಿನಲ್ಲಿ ಸಿಕ್ಕಿತು. ಮೂವತ್ತು ವರ್ಷ ನಡೆದ ಬೀದಿಯಲ್ಲಿ ಅವಳು ತಿರುವು ಮರೆತು ನಿಂತಳು. ಡಾಕ್ಟರು ಪಿಸಣ್ಣನನ್ನು ಪಕ್ಕಕ್ಕೆ ಕರೆದು, ಇದು ವಾಸಿಯಾಗುವುದಲ್ಲ, ನಿಧಾನವಾಗಿ ಹೆಚ್ಚುತ್ತದೆ, ಜೊತೆಗಿದ್ದು ನೋಡಿಕೊಳ್ಳಿ ಎಂದರು. ಪಿಸಣ್ಣನ ಎದೆ ಒಡೆದದ್ದು ನಿಜ. ಆದರೆ ಮನೆಗೆ ಬರುವ ದಾರಿಯಲ್ಲೇ ಅವನಿಗೊಂದು ಧೈರ್ಯವೂ ಬಂತು. ಮರೆತವರಿಗೆ ನೆನಪಿಸುವುದು ತಾನೇ ತನ್ನ ಕಸುಬು? ಕಂಪನಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಮತ್ತೆ ಕೆಲಸ ಬಂದಿದೆ ಎಂದುಕೊಂಡ.

ಅಂದಿನಿಂದ ಅವನು ಹೆಂಡತಿಯ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಡೆಯತೊಡಗಿದ. ಹೊರಡುವಾಗ ‘ಬೀಗ’ ಎಂದು ಪಿಸುಗುಟ್ಟಿದರೆ ಅವಳ ಕೈ ಬೀಗಕ್ಕೆ ಹೋಗುತ್ತಿತ್ತು. ಕೆಳಗಿನ ಇಸ್ತ್ರಿ ಅಂಗಡಿಯವನ ಹೆಂಡತಿ ಎದುರಾದರೆ ‘ಮಂಡಿ ನೋವು’ ಎನ್ನುತ್ತಿದ್ದ. ಅಷ್ಟಕ್ಕೇ ಅವಳು, ಮಂಡಿ ನೋವು ಹೇಗಿದೆಯಮ್ಮ ಎಂದು ಎಲ್ಲ ನೆನಪಿರುವವಳಂತೆ ಮಾತಿಗೆ ನಿಲ್ಲುತ್ತಿದ್ದಳು. ಒಳ್ಳೆಯ ನಟರಂತೆ ಅವಳೂ ಪಿಸುಮಾತು ಕೇಳಿಸಿತೆಂದು ತೋರಿಸಿಕೊಳ್ಳುತ್ತಿರಲಿಲ್ಲ. ಗಂಡಹೆಂಡತಿ ಈ ವಿಷಯ ಒಂದು ದಿನವೂ ಬಾಯಿಬಿಟ್ಟು ಆಡಿಕೊಂಡದ್ದಿಲ್ಲ. ಹೇಳಿದರೆ ನಾಚಿಕೆ, ಆದರೂ ಹೇಳುತ್ತೇನೆ: ಆ ದಿನಗಳಲ್ಲಿ ಪಿಸಣ್ಣ ಸಂತೋಷವಾಗಿದ್ದ.

ಮಗಳಿಗೆ ಕೂಡ ಬಹಳ ಕಾಲ ಗೊತ್ತಾಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಈ ಗಾಜು ಸ್ಪಷ್ಟವೋ ಆ ಗಾಜು ಸ್ಪಷ್ಟವೋ ಎಂದು ದಿನವಿಡೀ ಊರಮಂದಿಯನ್ನು ಕೇಳುವವಳಿಗೆ ಸ್ವಂತ ತಾಯಿಯ ವಿಷಯ ಮಸುಕಾಗೇ ಇತ್ತು. ಮಗಳು, ಲಿಫ್ಟ್ ರಿಪೇರಿ ಮಾಡುವ ಅಳಿಯ, ಶಾಲೆಗೆ ಹೋಗುವ ಮೊಮ್ಮಗಳು ಅದೇ ಮಹಡಿಯ ಎದುರು ಬಾಗಿಲಿನಲ್ಲೇ ಇದ್ದರು. ಮಧ್ಯಾಹ್ನ ಮಗು ಅಜ್ಜಿಯ ಹತ್ತಿರ, ಭಾನುವಾರ ಎಲ್ಲರಿಗೂ ಅಜ್ಜಿಯ ಊಟ. ಯಾವ ತೊಂದರೆಯೂ ಕಾಣದಂತೆ ಪಿಸಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಆದರೆ ಪ್ರಾಂಪ್ಟರನೂ ಒಮ್ಮೊಮ್ಮೆ ಕ್ಷೌರಕ್ಕೆ ಹೋಗಬೇಕಾಗುತ್ತದೆ. ಒಂದು ಮಧ್ಯಾಹ್ನ ಅವನು ಕ್ಷೌರದ ಕುರ್ಚಿಯಲ್ಲಿ ಕೂತಿದ್ದಾಗ ಹೆಂಡತಿ ಮೊಮ್ಮಗಳಿಗೆಂದು ಹಾಲಿಟ್ಟು, ಹಾಲಿಟ್ಟಿದ್ದನ್ನು ಮರೆತು, ಇಸ್ತ್ರಿ ಅಂಗಡಿಗೆ ಇಳಿದು ಹೋದಳು. ಮಗು ಒಳಗೆ ಮಲಗಿತ್ತು. ಹಾಲು ಸೀದು, ಪಾತ್ರೆ ಸುಟ್ಟು, ಪಕ್ಕದಲ್ಲಿದ್ದ ಒರೆಸುವ ಬಟ್ಟೆಗೆ ಬೆಂಕಿ ಹತ್ತಿಕೊಂಡಿತು. ಆ ದಿನ ಯಾವುದೋ ಕಟ್ಟಡದ ಲಿಫ್ಟು ಬೇಗ ರಿಪೇರಿಯಾಗಿ ಅಳಿಯ ಹೊತ್ತಿಗೆ ಮುಂಚೆ ಮನೆಗೆ ಬಂದಿದ್ದ, ಹೊಗೆ ಕಂಡು ಓಡಿಬಂದು ಬೆಂಕಿ ಆರಿಸಿದ, ಇಲ್ಲದಿದ್ದರೆ ಏನಾಗುತ್ತಿತ್ತೋ.

ಮಗಳು ಆಮೇಲೆ ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆದಳು. ಡಾಕ್ಟರು ಹೇಳಿದ್ದು, ಅಪ್ಪ ಮುಚ್ಚಿಟ್ಟದ್ದು, ಬಾಚಣಿಗೆ, ಬೀದಿ, ಎಲ್ಲವೂ. ಬೈಯಲಿಲ್ಲ. ಬೈದಿದ್ದರೆ ಪಿಸಣ್ಣನಿಗೆ ಉಸಿರಾಡಲು ಜಾಗವಾದರೂ ಸಿಗುತ್ತಿತ್ತು. ಅಮ್ಮ ಇನ್ನು ಒಲೆಯ ಹತ್ತಿರ ಹೋಗುವುದು ಬೇಡ, ಅಡುಗೆ ಎದುರುಮನೆಯಿಂದ ಬರುತ್ತದೆ, ಇಲ್ಲಿ ಒಲೆಯೇ ಇಲ್ಲದಂತೆ ಮಾಡೋಣ ಎಂದಳು. ನ್ಯಾಯವಾದ ಮಾತು.

ಹೆಂಡತಿ ಕೆಲವು ದಿನ ಅಡುಗೆಕಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತ ಓಡಾಡಿದಳು. ಅನ್ನ ಇಳಿಸಿ, ಊಟ ಬಡಿಸಿ, ಬೇಡವೆಂದರೂ ಇನ್ನೊಂದು ಸೌಟು ಹಾಕಿ ಬದುಕಿದ ಹೆಂಗಸು. ಆ ಕಟ್ಟೆಯ ಮುಂದೆ ನಿಂತಾಗ ಅವಳು ಯಾರೆಂದು ಅವಳಿಗೆ ಗೊತ್ತಿತ್ತು. ಬೇರೆ ಕಡೆಯೆಲ್ಲ ಅದು ಈಗೀಗ ಅನುಮಾನವಾಗುತ್ತಿತ್ತು. ಕೊನೆಗೊಂದು ಸಂಜೆ ಮಗಳನ್ನು ಕರೆದು ಕೂರಿಸಿಕೊಂಡಳು.

“ಈ ಭಾನುವಾರ ಸೂಪು ನಾನೇ ಮಾಡ್ತೀನಿ,” ಎಂದಳು. “ಒಬ್ಬಳೇ. ಯಾರೂ ಒಳಗೆ ಬರಬಾರ್ದು. ನಿಮ್ಮಪ್ಪ ಅಂತೂ ಬರಲೇಬಾರ್ದು. ಸರಿಯಾಗಿ ಮಾಡಿ ಇಳಿಸಿದ್ರೆ ಒಲೆ ನನ್ನದು. ಆಗಲಿಲ್ಲ ಅಂದ್ರೆ ನಾನು ಮತ್ತೆ ಬಾಯಿ ಬಿಡಲ್ಲ.”

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಸೂರು ನೋಡಿದ. ಅಳಿಯ ಮಾತು ಕಡಿಮೆಯವನು. ಒಂದು ಸಲ ನೋಡೋಣ ಬಿಡು ಎಂದ. ಆಗಲಿ ಎಂದು ಮಗಳು ಒಪ್ಪಿದಳು. ಪಿಸಣ್ಣನಿಗೆ ಮಾತ್ರ ಹೆಂಡತಿ ತನ್ನನ್ನೇ ಹೆಸರು ಹಿಡಿದು ಹೊರಗಿಟ್ಟದ್ದು ಮುಳ್ಳಿನಂತೆ ಚುಚ್ಚುತ್ತಿತ್ತು. ತನ್ನಿಂದಲೇ ತಾನೇ ಇಷ್ಟು ದಿನ ನಡೆದದ್ದು, ಈಗ ತಾನೇ ಬೇಡವೆಂದರೆ ಹೇಗೆ? ಪಾಪ, ಅವಳಿಗೆ ತಿಳಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಭಾನುವಾರ ಬಂತು. ಅವಳು ತಲೆಗೊಂದು ಬಟ್ಟೆ ಕಟ್ಟಿ, ಕೋಳಿ ತೊಳೆದು, ತರಕಾರಿ ಹರವಿಕೊಂಡು ನಿಂತಳು. ಮಗಳು ಅಡುಗೆಮನೆಯ ಬಾಗಿಲು ಕಾಣುವಂತೆ ನಡುಕೋಣೆಯಲ್ಲಿ ಪತ್ರಿಕೆ ಹಿಡಿದು ಕೂತಳು. ಪತ್ರಿಕೆ ತಲೆಕೆಳಗಾಗಿ ಇರಲಿಲ್ಲ ಎನ್ನುವುದು ಬಿಟ್ಟರೆ ಅವಳು ಓದುತ್ತಿದ್ದಳು ಎನ್ನಲು ಬೇರೆ ಗುರುತಿರಲಿಲ್ಲ. ಅಳಿಯ ಮಗುವಿನ ಮುರಿದ ಆಟದ ಕಾರು ಬಿಚ್ಚಿ ಹರವಿದ್ದ. ಪಿಸಣ್ಣ, ಒಣಗಿದ ಬಟ್ಟೆ ಮಡಿಸುತ್ತೇನೆ ಎಂದು ಹಿಂದಿನ ಬಾಲ್ಕನಿಗೆ ಹೋದ. ಅಡುಗೆಮನೆಗೆ ಬರಬಾರದು ಎಂದಿದ್ದರೇ ಹೊರತು ಬಾಲ್ಕನಿಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ಅಡುಗೆಮನೆಯ ಜಾಲರಿ ಕಿಟಕಿ ತೆರೆಯುವುದು ಆ ಬಾಲ್ಕನಿಗೇ ಎನ್ನುವುದು ಅವನ ತಪ್ಪಲ್ಲ.

ಅಲ್ಲಿ ಬಕೆಟ್ಟು ಬೋರಲು ಹಾಕಿ ಕೂತ. ಹಳೆಯ ದಿನಗಳೇ ಮರಳಿ ಬಂದಂತಿತ್ತು. ಒಂದೇ ಕೊರತೆ: ಕಿಟಕಿಯ ಅಡಿ ಎತ್ತರದಲ್ಲಿದ್ದುದರಿಂದ ಹೆಂಡತಿ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದಳು. ಕಾಲು ಕಾಣುತ್ತಿರಲಿಲ್ಲ.

ಕೋಳಿ, ಉಪ್ಪು, ಅರ್ಧ ಈರುಳ್ಳಿ ಹಾಕಿದ ನೀರು ಕುದಿಯಲು ಹತ್ತಿತು. ಮೇಲೆ ಬೂದುಬಣ್ಣದ ನೊರೆ ಕಟ್ಟಿತು. ಅದನ್ನು ತೆಗೆಯದಿದ್ದರೆ ಸೂಪು ಕದಡುತ್ತದೆ. ಅವಳು ನೊರೆಯನ್ನೇ ನೋಡುತ್ತ ನಿಂತಳು. ಪಿಸಣ್ಣ ಜಾಲರಿಗೆ ಬಾಯಿ ತಾಗಿಸಿ ‘ನೊರೆ’ ಎಂದ. ಅವಳು ತಲೆ ತಿರುಗಿಸದೆ ಸೌಟು ತೆಗೆದುಕೊಂಡು ನೊರೆಯನ್ನು ಬಳಿದು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ‘ಟೊಮೆಟೊ’ ಎಂದ. ಇಕ್ಕಳದಲ್ಲಿ ಟೊಮೆಟೊ ಹಿಡಿದು ಪಕ್ಕದ ಉರಿಯ ಮೇಲೆ ತಿರುಗಿಸಿದಳು; ಸಿಪ್ಪೆ ಚಟಪಟ ಎಂದು ಬಿರಿಯಿತು. ಉಪ್ಪಿನ ಡಬ್ಬಿಗೆ ಎರಡನೇ ಸಲ ಕೈ ಹಾಕಿದಾಗ ‘ಆಯ್ತು’ ಎಂದ. ಕೈ ಹಿಂದಕ್ಕೆ ಬಂತು. ಮಿಕ್ಸಿ ಗುಂಯ್‌ಗುಟ್ಟಿತು, ಮಸಾಲೆ ಎಣ್ಣೆಗೆ ಬಿತ್ತು, ಘಮ ಇಡೀ ಮನೆಗೆ ಹಬ್ಬಿತು. ನಡುಕೋಣೆಯಲ್ಲಿ ಅಳಿಯ ಸ್ಕ್ರೂಡ್ರೈವರ್ ಕೆಳಗಿಟ್ಟು ಜೋರಾಗಿ ಉಸಿರೆಳೆದದ್ದು, ಮಗಳು ಪತ್ರಿಕೆ ಮಡಿಸಿದ್ದು ಪಿಸಣ್ಣನಿಗೆ ಕಾಣದಿದ್ದರೂ ಕೇಳಿಸಿತು. ಗೆದ್ದೆವು ಎಂದುಕೊಂಡ. ಮಡಿಸಲೆಂದು ತಂದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ತಟ್ಟುತ್ತ ಕೂತ.

ಜೋಳದ ತೆನೆ, ಆಲೂಗಡ್ಡೆ, ಕ್ಯಾರೆಟ್ ಪಾತ್ರೆಗೆ ಇಳಿದವು. ಆಮೇಲೆ ಅವಳು ಎಲೆಕೋಸಿನ ಹೋಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಪಿಸಣ್ಣ ಸ್ವಲ್ಪ ತಾಳಿದ. ಇನ್ನೂ ನಿಂತೇ ಇದ್ದಳು. ಮರೆತಳು ಎಂದು ತೀರ್ಮಾನಿಸಿ ‘ಕೋಸು’ ಎಂದ.

ಕೈಯಲ್ಲಿದ್ದುದೆಲ್ಲ ಧೊಪ್ಪನೆ ಪಾತ್ರೆಗೆ ಬಿತ್ತು. ಬಿದ್ದ ಮೇಲೆ ಪಿಸಣ್ಣನಿಗೆ ಹೊಳೆಯಿತು. ಎಲೆಕೋಸು ಕೊನೆಗೆ ಹಾಕುವುದು. ಆಲೂಗಡ್ಡೆ ಅರ್ಧ ಬೇಯುವವರೆಗೆ ಕಾಯಬೇಕು. ಅವಳು ಕಾಯುತ್ತಿದ್ದಳು, ಅಷ್ಟೇ. ಸರಿಯಾಗಿದ್ದವಳನ್ನು ತಾನೇ ದಾರಿ ತಪ್ಪಿಸಿದ್ದ. ಅವಳು ಖಾಲಿ ಕೈಗಳನ್ನು ನೋಡಿಕೊಂಡಳು, ಪಾತ್ರೆ ನೋಡಿದಳು, ಎಲ್ಲಿದ್ದೆ ಎಂಬುದೇ ತಿಳಿಯದವಳಂತೆ ಕಟ್ಟೆಯ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದಳು. ಆಮೇಲೆ ಕಿಟಕಿಯ ಹತ್ತಿರ ಬಂದು, ಹೊರಗೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದಳು.

“ಸುಮ್ನಿರ್ತೀರಾ? ಕೈಗೆ ಗೊತ್ತಿರೋದನ್ನ ನೀವು ಬಾಯಲ್ಲಿ ಹೇಳ್ಬೇಡಿ. ಕೈ ಗಾಬರಿ ಆಗುತ್ತೆ.”

ಪಿಸಣ್ಣನ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಅಂದರೆ ತನ್ನ ಪಿಸುಮಾತು ಅವಳಿಗೆ ಮೊದಲಿಂದಲೂ ಅಡ್ಡಿಯಾಗಿತ್ತು. ಇವತ್ತಿನದು ಮಾತ್ರವಲ್ಲ, ಇಷ್ಟು ದಿನದ್ದೂ. ಅವಳನ್ನು ಕಾಪಾಡುತ್ತಿದ್ದೇನೆ ಎಂದು ತಾನು ಬೀಗುತ್ತಿದ್ದಾಗ, ಅವಳು ತನ್ನ ಕೈ ತಾನೇ ಹುಡುಕಿಕೊಳ್ಳಲು ಒದ್ದಾಡುತ್ತಿದ್ದಳೋ ಏನೋ. ಪ್ರತಿಸಲವೂ ಅವಳಿಗೆ ಸಿಗುವ ಮುಂಚೆಯೇ ತಾನು ಬಾಯಿ ಹಾಕುತ್ತಿದ್ದನೋ ಏನೋ. ಕಂಪನಿಯಲ್ಲಿ ಒಂದು ಮಾತಿತ್ತು, ಪ್ರಾಂಪ್ಟರ್ ಜೋರಾದರೆ ನಟ ಸೋಮಾರಿ ಎಂದು. ಅದನ್ನು ಅವನು ಯಾವಾಗಲೂ ನಕ್ಕು ಬಿಟ್ಟಿದ್ದ. ಇನ್ನು ತಲೆ ಹೋದರೂ ಸರಿ, ಬಾಯಿ ತೆರೆಯುವುದಿಲ್ಲ ಎಂದು ಅಂಗಿಯನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡ.

ಮತ್ತು ನೋಡಿ, ಅವನು ಬಾಯಿ ಮುಚ್ಚಿದ ಮೇಲೆ ಅವಳ ಕೈಗಳು ನಿಜವಾಗಿಯೂ ನೆಟ್ಟಗಾದವು. ಸೌಟಿನಲ್ಲಿ ಎಲೆಕೋಸನ್ನು ಮೇಲಕ್ಕೆ ಎತ್ತಿ ಆಲೂಗಡ್ಡೆಯನ್ನು ಅಡಿಗೆ ತಳ್ಳಿದಳು, ಆದ ತಪ್ಪನ್ನು ಆದಷ್ಟು ತಿದ್ದಿದಳು. ಪಾತ್ರೆಗೆ ಮುಚ್ಚಳ ಹಾಕಿದಳು. ಈರುಳ್ಳಿ ಸಣ್ಣಗೆ ಹೆಚ್ಚಿದಳು, ಕೊತ್ತಂಬರಿ ಬಿಡಿಸಿದಳು. ಜೋಳದ ರೊಟ್ಟಿಯ ಪಟ್ಟಿಗಳನ್ನು ಒಂದೂ ಸೀಯದಂತೆ ಕರಿದು ತೆಗೆದಳು, ಕರಿದ ಒಲೆಯನ್ನು ನೆನಪಿನಿಂದ ಆರಿಸಿದಳು. ಯಾವ ಪದವೂ ಬೇಕಾಗಲಿಲ್ಲ. ಮದುವೆಗೆ ಮುಂಚಿನ ಆ ಅಡುಗೆಯವಳೇ ಜಾಲರಿಯಾಚೆ ನಿಂತಂತೆ ಕಂಡು ಪಿಸಣ್ಣನ ಕಣ್ಣು ತುಂಬಿತು. ತಾನಿಲ್ಲದೆಯೇ ಅವಳು ಗೆಲ್ಲುತ್ತಾಳೆ ಎಂಬ ಸಂತೋಷ, ತಾನಿಲ್ಲದೆಯೇ ಎಂಬ ಸಂಕಟ, ಎರಡೂ ಒಟ್ಟಿಗೇ ಬಂದವು.

ಇನ್ನು ಉಳಿದದ್ದು ಉರಿ ಸಣ್ಣಗೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಇಳಿಸುವುದು. ಅವಳು ಪಾತ್ರೆಯ ಮುಂದೆ ಬಂದು ನಿಂತಳು. ಕಟ್ಟೆಯ ಅಂಚಿಗೆ ಒಂದು ಕೈ, ತಲೆ ಒಂದು ಚೂರು ವಾಲಿತ್ತು. ಮುಚ್ಚಳ ಲಟಲಟ ಎನ್ನುತ್ತಿತ್ತು. ಉರಿ ದೊಡ್ಡದಾಗೇ ಇತ್ತು.

ಅವಳಿಗೊಂದು ಅಭ್ಯಾಸವಿತ್ತು. ಸೂಪು ಆಯಿತೋ ಇಲ್ಲವೋ ಎಂಬುದನ್ನು ಅವಳು ಕುದಿಯ ಸದ್ದಿನಲ್ಲೇ ತಿಳಿಯುತ್ತಿದ್ದಳು. ಹೀಗೇ ತಲೆ ವಾಲಿಸಿ ನಿಂತು ಕೇಳುತ್ತಿದ್ದಳು. ಈಗಲೂ ಕೇಳುತ್ತಿದ್ದಾಳೆ ಎಂದುಕೊಂಡ ಪಿಸಣ್ಣ. ಆದರೆ ಹೊತ್ತು ಜಾಸ್ತಿಯಾಯಿತು. ಮುಖದಲ್ಲಿ ಸಣ್ಣ ನಗೆಯಿತ್ತು. ಅದು ನೆನಪಿನ ನಗೆಯೋ, ಏನೂ ಇಲ್ಲದ ನಗೆಯೋ? ಅವನು ಬಕೆಟ್ಟಿನಿಂದ ಎದ್ದು, ತುದಿಗಾಲಿನಲ್ಲಿ ನಿಂತು, ಜಾಲರಿಗೆ ಹಣೆ ಒತ್ತಿ ಕೆಳಗೆ ನೋಡಿದ. ಅವಳ ಕಾಲು ಕಾಣಲಿಲ್ಲ. ಅಷ್ಟು ಜನ ನಟರನ್ನು, ಅಷ್ಟು ಬಗೆಯ ಮೌನಗಳನ್ನು ಓದಿದವನಿಗೆ ಸ್ವಂತ ಹೆಂಡತಿ ಕೈಯಳತೆಯಲ್ಲಿ ನಿಂತಿದ್ದರೂ ಓದಲಾಗಲಿಲ್ಲ. ‘ಉರಿ’ ಎಂಬ ಪದ ಬಾಯಲ್ಲಿತ್ತು. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳಿದರೆ ಅವಳ ಕೈ ಮತ್ತೆ ಗಾಬರಿಯಾದೀತು, ಗೆಲುವಿನ ಹೊಸ್ತಿಲಲ್ಲಿ ತಾನೇ ಎಡವಿಸಿದಂತಾದೀತು. ಹೇಳದಿದ್ದರೆ? ಇನ್ನೊಂದು ಕ್ಷಣ, ಇನ್ನೊಂದು ಕ್ಷಣ ಎಂದು ತಡೆದ.

ಸೂಪು ಮುಚ್ಚಳವನ್ನು ಎತ್ತಿ ಉಕ್ಕಿತು. ಚುಂಯ್ ಎಂದು ಒಲೆಯ ಮೇಲೆ ಸುರಿದು ಉರಿಯನ್ನು ನಂದಿಸಿಬಿಟ್ಟಿತು. ಗ್ಯಾಸು ಬಿಡುವ ನಾಬು ತೆರೆದೇ ಇತ್ತು. ಅವಳು ನಿಂತೇ ಇದ್ದಳು. ಗ್ಯಾಸಿನ ವಾಸನೆ ಜಾಲರಿಯಿಂದ ಹೊರಗೆ ಬಂತು. ಆಗ ಅವಳಿಗೆ ಎಚ್ಚರವಾಯಿತು, ಉರಿ ಇಲ್ಲದ್ದು ಕಂಡಿತು. ಯಾವ ಗೃಹಿಣಿಯಾದರೂ ಮಾಡುವಂತೆ ಅವಳು ಲೈಟರನ್ನು ಕೈಗೆ ತೆಗೆದುಕೊಂಡಳು.

“ಗ್ಯಾಸು!”

ಯಾರು ಕೂಗಿದರೆಂದು ಪಿಸಣ್ಣನಿಗೇ ಮೊದಲು ಗೊತ್ತಾಗಲಿಲ್ಲ. ಜೀವಮಾನದಲ್ಲಿ ಗಟ್ಟಿಯಾಗಿ ಬಳಸದ ಗಂಟಲಿನಿಂದ ದನಿ ಬಿರಿದುಕೊಂಡು ಬಂದಿತ್ತು. ಕೆಳಗೆ ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ಬೀದಿಗೆ ಓಡಿ ಬಂದು ಮೇಲೆ ನೋಡಿದ. ಮಗಳು ಎರಡು ಹೆಜ್ಜೆಯಲ್ಲಿ ಒಳಗಿದ್ದಳು. ನಾಬು ತಿರುಗಿಸಿದಳು, ತಾಯಿಯ ಕೈಯಿಂದ ಲೈಟರ್ ತೆಗೆದುಕೊಂಡಳು, ಕಿಟಕಿ ಬಾಗಿಲು ಎಲ್ಲ ಹಾರು ಹೊಡೆದಳು. ಅಳಿಯ ಮಗುವನ್ನು ಎತ್ತಿಕೊಂಡು ಮೆಟ್ಟಿಲವರೆಗೆ ಹೋಗಿ ನಿಂತ. ಏನೂ ಆಗಲಿಲ್ಲ. ಒಂದಿಷ್ಟು ಸೂಪು ಚೆಲ್ಲಿತು, ಅಷ್ಟೇ.

ಬಾಲ್ಕನಿಯ ಬಾಗಿಲು ತೆರೆದಾಗ ಮಗಳಿಗೆ ಜಾಲರಿಗೆ ಒತ್ತಿ ನಿಂತ ಅಪ್ಪ ಕಂಡ, ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ಟೂ.

“ಬೆಳಿಗ್ಗೆಯಿಂದ ಇಲ್ಲೇ ಕೂತಿದ್ರಾ ಅಪ್ಪ?” ಎಂದಳು.

ಅವನು ಹೂಂ ಎಂದು ತಲೆಯಾಡಿಸಿದ. ಬಾಲ್ಕನಿಯಲ್ಲಿ ನಿಂತು ಅವನಿಗೆ ಒಂದೇ ಯೋಚನೆ. ಕೂಗದಿದ್ದರೆ ಹೆಂಡತಿ ಉಳಿಯುತ್ತಿರಲಿಲ್ಲ. ಕೂಗಿದ್ದರಿಂದ ಹೆಂಡತಿಯ ಒಲೆ ಉಳಿಯಲಿಲ್ಲ. ಸ್ವಲ್ಪ ಮೊದಲೇ ಪಿಸುಗುಟ್ಟಿದ್ದರೆ ಎರಡೂ ಉಳಿಯುತ್ತಿದ್ದವೇನೋ. ಆದರೆ ಪಿಸುಗುಟ್ಟಬೇಡಿ ಎಂದವಳು ಅವಳೇ, ಮತ್ತು ಅವಳು ಹಾಗೆಂದದ್ದು ಸರಿಯೇ. ಎಲ್ಲಿಂದ ಎಣಿಸಿದರೂ ಅವನು ಮಾಡಬಹುದಾಗಿದ್ದ ಸರಿಯಾದ ಕೆಲಸ ಒಂದೂ ಸಿಗಲಿಲ್ಲ. ಮುಂದಿನ ದಿನಗಳಿಗೂ ಸಿಗುವುದಿಲ್ಲ ಎಂದು ಅವನಿಗೆ ಅಲ್ಲೇ ತಿಳಿದುಹೋಯಿತು. ಅಂಗಿಯನ್ನು ಮಡಿಸಿ ಒಳಗೆ ಹೋ‌ದ.

ಊಟಕ್ಕಂತೂ ಕೂತರು. ಏನಾದರೇನು, ಹೊಟ್ಟೆ ಕೇಳುತ್ತದೆಯೇ? ಅಳಿಯ ಒಲೆ ಒರೆಸಿ, ಮತ್ತೆ ಹಚ್ಚಿ, ಪಕ್ಕದಲ್ಲೇ ನಿಂತು ಸೂಪನ್ನು ಬಿಸಿ ಮಾಡಿ ತಂದಿಟ್ಟ. ಬಡಿಸಿದ್ದು ಮಾತ್ರ ಹೆಂಡತಿಯೇ. ಬಟ್ಟಲಿಗೊಂದು ತೆನೆ, ಅಳಿಯನಿಗೆ ಒಂದು ಆಲೂಗಡ್ಡೆ ಹೆಚ್ಚು, ಮಗುವಿಗೆ ಮೂಳೆ ಬಿಡಿಸಿದ ಮಾಂಸ, ಎಲ್ಲರ ಬಟ್ಟಲಿಗೂ ನಿಂಬೆಹಣ್ಣು ಹಿಂಡಿದಳು. ಎಲೆಕೋಸು ಕರಗಿ ಎಳೆ ಎಳೆಯಾಗಿತ್ತು. ಅದು ಪಿಸಣ್ಣನ ಪಾಲಿನ ಕೊಡುಗೆ. ಉಳಿದಂತೆ ಸೂಪು ಎಂದಿನದೇ, ಎಂದಿಗಿಂತ ಚೆನ್ನಾಗಿಯೇ ಇತ್ತು ಎಂದರೂ ಸುಳ್ಳಲ್ಲ. ಮೊಮ್ಮಗಳು ಇನ್ನೊಂದು ತೆನೆ ಕೇಳಿ ಹಾಕಿಸಿಕೊಂಡಳು. ಅಳಿಯ ಮೂಳೆ ಚೀಪಿದ. ಒಲೆಯ ಮಾತನ್ನು ಯಾರು ಮೊದಲು ಎತ್ತುವುದು ಎಂದು ತಿಳಿಯದೆ ಮಗಳು ಬಟ್ಟಲಲ್ಲಿ ಚಮಚ ಆಡಿಸುತ್ತಿದ್ದಳು. ಪಿಸಣ್ಣನಿಗೆ ಒಂದು ತುತ್ತೂ ಇಳಿಯಲಿಲ್ಲ. ಗಂಟಲು ಹರಿದಂತೆ ಉರಿಯುತ್ತಿತ್ತು.

ಹೆಂಡತಿ ತನ್ನ ಬಟ್ಟಲು ಮುಗಿಸಿ, ಎದ್ದು, ಎಂದಿನಂತೆ ಒಲೆ ತೊಳೆಯಲು ಹೋದಳು. ಯಾರೂ ತಡೆಯಲಿಲ್ಲ. ಒಳಗೆ ನೀರು ಬಿಟ್ಟ ಸದ್ದು, ಪಾತ್ರೆಯ ಸದ್ದು. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಏನನ್ನೋ ಒರೆಸುತ್ತ ಹೊರಗೆ ಬಂದು ಮಗಳ ಮುಂದೆ ನಿಂತಳು. ಒಲೆಯಿಂದ ಕಿತ್ತು, ಸೋಪು ಹಚ್ಚಿ ತೊಳೆದು ತಂದ ನಾಬುಗಳು. ಅವನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ನೀನೇ ಇಟ್ಕೋ,” ಎಂದಳು.

“ಅಮ್ಮ, ನಾನೇನೂ ಹೇಳ್ಲಿಲ್ವಲ್ಲ.”

“ನೀನು ಹೇಳೋದು ಬೇಡ. ನಿಮ್ಮಪ್ಪ ಕೂಗಿದ್ರು. ನನ್ನ ಕಟ್ಕೊಂಡ ದಿನದಿಂದ ಒಂದು ಸಲ ದನಿ ಎತ್ತಿದವರಲ್ಲ. ಆ ಕೂಗು ಕೇಳಿದ್ನಲ್ಲ, ಎಷ್ಟು ಹೆದರಿದ್ರು ಅಂತ ನನಗೆ ಗೊತ್ತಾಯ್ತು. ಇವತ್ತಿನದು ನಾಳೆ ನನಗೆ ನೆನಪಿರುತ್ತೋ ಇಲ್ವೋ. ನೆನಪಿರೋವಾಗ್ಲೇ ಕೊಟ್ಟುಬಿಡ್ತೀನಿ.”

ಮಗಳು ಆ ಒದ್ದೆ ನಾಬುಗಳನ್ನು ಹಿಡಿದುಕೊಂಡೇ ಅತ್ತಳು. ಅಳಿಯ ಮಗುವಿನ ಕೈ ತೊಳೆಸುವ ನೆವದಲ್ಲಿ ಎದ್ದು ಹೋದ. ಪಿಸಣ್ಣ ತಲೆ ಎತ್ತಲಿಲ್ಲ. ಹೆಂಡತಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಅವನ ಬಟ್ಟಲು ನೋಡಿದಳು.

“ಹಾಗೇ ಇಟ್ಕೊಂಡು ಕೂತಿದ್ದೀರಲ್ಲ,” ಎಂದಳು. “ತಣ್ಣಗಾಗುತ್ತೆ. ಇನ್ನು ನನ್ನ ಕೈಯಿಂದ ಇದೇ ಕೊನೇದು, ಉಣ್ಣಿ.”

ಅವನು ಉಂಡ. ಎಲೆಕೋಸನ್ನೂ ಬಿಡದೆ ಉಂಡ. ಬಟ್ಟಲು ಖಾಲಿಯಾಗುವವರೆಗೆ ಅವಳು ಪಕ್ಕದಲ್ಲಿ ಕೂತು ನೋಡಿದಳು, ಆಮೇಲೆ ಎದ್ದು ಹೋಗಿ, ಅವನು ಕೇಳದಿದ್ದರೂ, ಇನ್ನೊಂದು ಸೌಟು ತಂದು ಹಾಕಿದಳು.